ಈ ರೂಪಾಯಿ ನಿಮಗೆ ಯಾವ ವರ್ಷ ಬೇಕು?

ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದ ಕೂಡಲೇ ನಮ್ಮಲ್ಲಿ ಬಹಳ ಜನ ಮಾಡೋ ಕೆಲಸ ಒಂದಿದೆ. ಹಳೆ ಕಂಪನಿಯ ಪಿಎಫ್ ಎಷ್ಟಿದೆ ಅಂತ ನೋಡಿ, ಇರೋದನ್ನೆಲ್ಲ ತೆಗೆದುಬಿಡೋದು. ತಂಗಿ ಮದುವೆಯ ಸಾಲ ಇರುತ್ತೆ, ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬೇಕಿರುತ್ತೆ. ಅಗತ್ಯ ಸುಳ್ಳಲ್ಲ. ಆದರೆ 28ನೇ ವಯಸ್ಸಿನಲ್ಲಿ ತೆಗೆದ ಒಂದು ಲಕ್ಷ, ವರ್ಷಕ್ಕೆ ಶೇಕಡಾ 8ರ ಬಡ್ಡಿಯಲ್ಲಿ ಅಲ್ಲೇ ಇದ್ದಿದ್ರೆ, 58ಕ್ಕೆ ಹತ್ತು ಲಕ್ಷ ಆಗಿರ್ತಿತ್ತು.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬಹುದು. ಪಿಎಫ್‌ಗೆ ಕಂಪನಿ ಕಟ್ಟಿದ ಪಾಲನ್ನ 58 ವರ್ಷ ತುಂಬೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಹೋರಾಟ ಆದಮೇಲೆ ಅದನ್ನ ಹಿಂದಕ್ಕೆ ತಗೊಂಡಿತು. ಆ ಹೆಣ್ಣುಮಕ್ಕಳು ಕೇಳಿದ್ದು ನ್ಯಾಯವಾಗೇ ಇತ್ತು. ಸಂಬಳ ಪೂರ್ತಿ ಬಾಡಿಗೆ, ರೇಷನ್, ಸ್ಕೂಲ್ ಫೀಸಿಗೇ ಹೋಗೋರಿಗೆ ಪಿಎಫ್ ಒಂದೇ ಕಷ್ಟಕಾಲದ ದುಡ್ಡು. ನಾನು ಇವತ್ತು ಮಾತಾಡ್ತಿರೋದು ಅದನ್ನ ಮುಟ್ಟದೆ ಇರೋಕೆ ಸಾಧ್ಯ ಇರೋರ ಹತ್ತಿರ. ತೆಗೀಬೇಡಿ, ಯುಎಎನ್ ಅನ್ನೋ ನಿಮ್ಮ ಪಿಎಫ್ ನಂಬರಿನ ಮೂಲಕ ಹೊಸ ಕಂಪನಿಗೆ ಟ್ರಾನ್ಸ್‌ಫರ್ ಮಾಡಿಸಿ. ಹಾಗೆ ಮಾಡಿದ್ರೆ ಸರ್ವಿಸ್ ವರ್ಷಗಳೂ ಮುಂದುವರಿಯುತ್ತೆ. ಪಿಎಫ್ ಪೆನ್ಷನ್ ಬರೋಕೆ ಕನಿಷ್ಠ 10 ವರ್ಷದ ಸರ್ವಿಸ್ ಬೇಕು.

"ಪೆನ್ಷನ್ ಬರುತ್ತಲ್ಲ, ಇನ್ನೇನು ಚಿಂತೆ" ಅಂತೀರಾ? ಲೆಕ್ಕ ಹಾಕೋಣ ಬನ್ನಿ. ಕಂಪನಿ ಕಟ್ಟೋ ಶೇಕಡಾ 12ರಲ್ಲಿ 8.33 ಭಾಗ ಪೆನ್ಷನ್ ಖಾತೆಗೆ ಹೋಗುತ್ತೆ, ಆದರೆ ಅದಕ್ಕೊಂದು ಸಂಬಳದ ಮಿತಿ ಇದೆ. 2014ರಲ್ಲಿ ಆ ಮಿತಿಯನ್ನ 15,000 ರೂಪಾಯಿ ಮಾಡಿದ್ರು. ಪೆನ್ಷನ್ ಎಷ್ಟು ಅಂತ ತಿಳಿಯೋಕೆ ಆ ಸಂಬಳವನ್ನ ಸರ್ವಿಸ್ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. 15,000ದ ಮೇಲೆ 35 ವರ್ಷ ದುಡಿದರೆ ತಿಂಗಳಿಗೆ 7,500 ರೂಪಾಯಿ. ನಿಮ್ಮ ನಿಜವಾದ ಸಂಬಳ ಲಕ್ಷ ಇದ್ರೂ, ಈ ಮಿತಿಯಲ್ಲಿ ಲೆಕ್ಕ ಹಾಕಿದ್ರೆ ಸಿಗೋದು ಅಷ್ಟೇ. ಇನ್ನು ಖರ್ಚಿನ ಕಡೆ ನೋಡಿ. ಇವತ್ತು 30,000ದಲ್ಲಿ ನಡೆಯೋ ಸಂಸಾರಕ್ಕೆ, ಬೆಲೆಗಳು ವರ್ಷಕ್ಕೆ ಶೇಕಡಾ 6 ಏರಿದ್ರೆ, 30 ವರ್ಷ ಆದಮೇಲೆ 1 ಲಕ್ಷದ 70 ಸಾವಿರ ಬೇಕಾಗುತ್ತೆ.

ಷೇರಿನ ಮಾತು ಬರೋದೇ ಇಲ್ಲಿ. ದಿಢೀರ್ ಶ್ರೀಮಂತಿಕೆಗೆ ಅಂತ ನಾನು ಷೇರು ಹೇಳ್ತಿಲ್ಲ. 30 ವರ್ಷ ಬೆಲೆ ಏರಿಕೆಗಿಂತ ಒಂದು ಹೆಜ್ಜೆ ಮುಂದೆ ಇರೋಕೆ ಬ್ಯಾಂಕ್ ಬಡ್ಡಿ ಒಂದೇ ಸಾಲಲ್ಲ, ಅದಕ್ಕೆ. ಫ್ಯೂಚರ್ಸ್, ಆಪ್ಷನ್ಸ್ ಕಡೆಗಂತೂ ಹೋಗಲೇಬೇಡಿ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಅದನ್ನ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳ್ಕೊಂಡಿದ್ದಾರೆ. ಇದು ಷೇರುಪೇಟೆ ನಿಯಂತ್ರಿಸೋ ಸೆಬಿಯೇ ಲೆಕ್ಕ ತೆಗೆದು ಹೇಳಿದ್ದು.

ಸರಿ, ಯಾವ ಷೇರು? ಬೆಂಗಳೂರಲ್ಲಿ ಈ ಪ್ರಶ್ನೆ ಕೇಳಿದ್ರೆ ಯಾರಾದ್ರೂ ಒಬ್ಬರು ಇನ್ಫೋಸಿಸ್ ಕಥೆ ಹೇಳೇ ಹೇಳ್ತಾರೆ. 1993ರಲ್ಲಿ 95 ರೂಪಾಯಿಗೆ ಬಂದ ಷೇರು, ಇಟ್ಟುಕೊಂಡವರು ಕೋಟ್ಯಧಿಪತಿಗಳಾದ್ರು. ಕಥೆ ನಿಜ. ಇದೇ ಊರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಕಥೆಯನ್ನ ಮಾತ್ರ ಅದರ ಜೊತೆಗೆ ಯಾರೂ ಹೇಳಲ್ಲ. ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಇದ್ದ ಕಂಪನಿ. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, 2018ರಲ್ಲಿ ಷೇರುಪೇಟೆಯಿಂದಲೇ ಹೆಸರು ಹೋಯ್ತು. ಮುಂದಿನ 30 ವರ್ಷದಲ್ಲಿ ಇನ್ಫೋಸಿಸ್ ಆಗೋದು ಯಾವುದು, ಕಿಂಗ್‌ಫಿಷರ್ ಆಗೋದು ಯಾವುದು ಅಂತ ಇವತ್ತೇ ಆರಿಸೋ ಶಕ್ತಿ ನಮ್ಮ ನಿಮ್ಮಂಥವರಿಗಿಲ್ಲ. ಅದಕ್ಕೇ ನಾನು ಇಂಡೆಕ್ಸ್ ಫಂಡ್ ಹೇಳೋದು. ನಿಫ್ಟಿ 50 ಫಂಡಿಗೆ ಹಾಕಿದ್ರೆ ದೇಶದ ದೊಡ್ಡ 50 ಕಂಪನಿಗಳಲ್ಲಿ ನಿಮಗೂ ಸ್ವಲ್ಪ ಸ್ವಲ್ಪ ಪಾಲು. ಆ ಪಟ್ಟಿಯನ್ನ ವರ್ಷಕ್ಕೆ ಎರಡು ಸಲ ಪರಿಶೀಲಿಸ್ತಾರೆ. ಕುಗ್ಗಿದ ಕಂಪನಿ ಹೊರಗೆ, ಬೆಳೆದದ್ದು ಒಳಗೆ.

ಕೊಳ್ಳುವಾಗ ಡೈರೆಕ್ಟ್ ಪ್ಲಾನನ್ನೇ ಕೊಳ್ಳಿ. 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿನಲ್ಲೂ ಅದು ಸಿಗುತ್ತೆ. ರೆಗ್ಯುಲರ್ ಪ್ಲಾನಿನಲ್ಲಿ ಏಜೆಂಟರ ಕಮಿಷನ್ ಪ್ರತಿ ವರ್ಷ ನಿಮ್ಮ ದುಡ್ಡಿನಿಂದಲೇ ಹೋಗ್ತಾ ಇರುತ್ತೆ. ಶೇಕಡಾ 1 ತಾನೇ ಅನ್ನಿಸಬಹುದು. ತಿಂಗಳಿಗೆ 5,000ದ ಎಸ್‌ಐಪಿ, 30 ವರ್ಷ, ಶೇಕಡಾ 10 ಬೆಳೆದರೆ ಸುಮಾರು 1 ಕೋಟಿ 13 ಲಕ್ಷ. ಶೇಕಡಾ 9 ಬೆಳೆದರೆ 91 ಲಕ್ಷ. ಆ ಒಂದು ಪರ್ಸೆಂಟಿನ ಬೆಲೆ 20 ಲಕ್ಷಕ್ಕೂ ಮೇಲೆ, ನೀವು ಕಟ್ಟೋ ಅಸಲೇ ಒಟ್ಟು 18 ಲಕ್ಷ! ಹತ್ತು, ಒಂಬತ್ತು ಅನ್ನೋದು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೇ, ಪೇಟೆ ಹಾಗೆ ಯಾರಿಗೂ ಮಾತು ಕೊಟ್ಟಿಲ್ಲ.

ಪೇಟೆ ಎಷ್ಟು ಕೆಟ್ಟದಾಗಿ ಬೀಳಬಹುದು ಅನ್ನೋದು ಗೊತ್ತಿರಬೇಕು. 2008ರ ಜನವರಿ 8ಕ್ಕೆ ಸೆನ್ಸೆಕ್ಸ್ 20,873. 2009ರ ಮಾರ್ಚ್ 9ಕ್ಕೆ 8,160. ಆ ಮಾರ್ಚಿನಲ್ಲೇ ನಿವೃತ್ತಿ ಆದ ಒಬ್ಬರನ್ನ ಊಹಿಸಿಕೊಳ್ಳಿ. 50 ಲಕ್ಷ ಪೂರ್ತಿ ಷೇರಲ್ಲೇ ಇಟ್ಟಿದ್ರೆ ಉಳಿದದ್ದು 20 ಲಕ್ಷಕ್ಕಿಂತ ಕಡಿಮೆ. ಮುಂದೆ ಪೇಟೆ ಏರಿತು, ನಿಜ. ಆದರೆ ಅವರಿಗೆ ಏಪ್ರಿಲ್ ತಿಂಗಳ ಮನೆ ಖರ್ಚಿಗೆ ಆ ಕೆಳಗಿನ ಬೆಲೆಗೇ ಮಾರಬೇಕಾಗುತ್ತೆ. ಅದೇ ಮಾರ್ಚಿನಲ್ಲಿ 35 ವರ್ಷದವರು ಅದೇ 5,000ಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಯೂನಿಟ್ ಕೊಂಡಿರ್ತಾರೆ. ಇಬ್ಬರಿಗೂ ಪೇಟೆ ಒಂದೇ. ಹಣ ಬೇಕಾದ ವರ್ಷ ಬೇರೆ.

ಹಾಗಾಗಿ "ಈಗ ಷೇರಿಗೆ ಒಳ್ಳೆ ಟೈಮಾ?" ಅಂತ ನನ್ನ ಕೇಳಬೇಡಿ. "ಈ ರೂಪಾಯಿ ನನಗೆ ಯಾವ ವರ್ಷ ಬೇಕು?" ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಐದು ವರ್ಷದೊಳಗೆ ಬೇಕಾದ ಹಣ ಷೇರಲ್ಲಿ ಇರಬಾರದು. ಹದಿನೈದು, ಇಪ್ಪತ್ತು ವರ್ಷ ಆದಮೇಲೆ ಬೇಕಾದದ್ದರಲ್ಲಿ ದೊಡ್ಡ ಪಾಲು ಷೇರಲ್ಲೇ ಇರಲಿ. ನಿವೃತ್ತಿಗೆ ಆರೇಳು ವರ್ಷ ಇರೋವಾಗಲೇ ವರ್ಷಕ್ಕಿಷ್ಟು ಅಂತ ಷೇರಿನಿಂದ ಎಫ್‌ಡಿಗೋ, ಸಾಲಪತ್ರದ ಫಂಡಿಗೋ ಸರಿಸ್ತಾ ಬನ್ನಿ. ಪೇಟೆ ಏರ್ತಿರೋವಾಗಲೇ ಸರಿಸಬೇಕು, ಮನಸ್ಸು ಬೇಡ ಅಂದ್ರೂ.

ಪಿಎಫೇ ಇಲ್ಲದವರು, ಅಂದ್ರೆ ಅಂಗಡಿ ಇಟ್ಟವರು, ಆಟೋ ಓಡಿಸೋರು, ಮನೇಲಿ ಟೈಲರಿಂಗ್ ಮಾಡೋರು, ಪಿಎಫ್ ಜಾಗದಲ್ಲಿ ಪಿಪಿಎಫ್ ಇಟ್ಟುಕೊಳ್ಳಿ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು, ಅಂಚೆ ಕಚೇರಿಯಲ್ಲೇ ಖಾತೆ ತೆರೆಯಬಹುದು. ಎನ್‌ಪಿಎಸ್ ಅನ್ನೋ ಪೆನ್ಷನ್ ಯೋಜನೆ ಕೂಡ 2009ರಿಂದ ಎಲ್ಲರಿಗೂ ತೆರೆದಿದೆ. ಉಳಿದ ಲೆಕ್ಕ ಎಲ್ಲ ಅದೇ.

ಇನ್ನು ಈಗಾಗಲೇ 60 ದಾಟಿದ ಅಪ್ಪ ಅಮ್ಮ ಮನೇಲಿದ್ರೆ, ಅವರ ಹಣಕ್ಕೆ ಮೊದಲು ನೋಡಬೇಕಾದದ್ದು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಒಬ್ಬರ ಹೆಸರಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬೀಳುತ್ತೆ. ನಾಮಿನಿ ಹೆಸರು ಬರೆಸಿದ್ದಾರಾ ಅಂತ ಅವರ ಪಾಸ್‌ಬುಕ್ ತೆಗೆದು ಒಂದು ಸಲ ನೋಡಿ. ಹಾಗೇ ನಿಮ್ಮ ಪಿಎಫ್ ಖಾತೆಯಲ್ಲಿ ಯಾರ ಹೆಸರಿದೆ ಅನ್ನೋದನ್ನೂ.