ದುಡಿಮೆಗೆ ವಿರಾಮ ಯಾವಾಗ?

(ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಯೋಚಿಸಬೇಕೆಂದಿರುವ ವಿಷಯ ಹೊಸದೇನಲ್ಲ. ಪ್ರತಿಯೊಂದು ಲೈನ್ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇದು. ದುಡಿಮೆಯನ್ನು ಯಾವಾಗ ನಿಲ್ಲಿಸಬೇಕು? ನಿಲ್ಲಿಸು ಎಂದು ಹೇಳಬೇಕಾದವರು ಯಾರು? ಹಾಜರಿ ಪುಸ್ತಕವೇ, ದೊರೆಯೇ, ಮಕ್ಕಳೇ, ಅಥವಾ ನಮ್ಮ ಮೊಣಕಾಲೇ?

ಇದನ್ನು ತಿಳಿಯಲು ನಮ್ಮ ಕೆಲಸಕ್ಕೆ ಬಹು ದೂರವಾದ ಒಂದು ಕೆಲಸವನ್ನು ಮೊದಲು ನೋಡೋಣ. ಸೇರ್ವರಾಯನ್ ಬೆಟ್ಟದ ಕೆಳಗೆ, ಓಮಲೂರಿನ ಹತ್ತಿರ ಕಾಮಲಾಪುರದಲ್ಲಿ ಸೇಲಂ ವಿಮಾನ ನಿಲ್ದಾಣವಿದೆ. ವಿಮಾನ ನಡೆಸುವ ಪೈಲಟ್ ಎಂದರೆ ದೊಡ್ಡ ಸಂಬಳದವನು, ದೊಡ್ಡ ಓದಿನವನು. ಆದರೂ ಅವನಿಗೆ ಕಾನೂನು ಒಂದು ಗೆರೆ ಎಳೆದಿದೆ. ಆ ದಿನ ದಾಟಿದರೆ ಪ್ರಯಾಣಿಕರ ವಿಮಾನ ಮುಟ್ಟುವಂತಿಲ್ಲ.

ಈ ಗೆರೆ ಹೇಗೆ ಬಂತು? ಅಮೆರಿಕ ದೇಶದಲ್ಲಿ 1959ರಲ್ಲಿ ಒಂದು ನಿಯಮ ಮಾಡಿದರು. 60 ವರ್ಷ ತುಂಬಿದವನು ದೊಡ್ಡ ಕಂಪೆನಿಗಳ ಪ್ರಯಾಣಿಕ ವಿಮಾನ ನಡೆಸಕೂಡದು ಎಂದು. 1960ರ ಮಾರ್ಚಿಯಿಂದ ಅದು ಜಾರಿಗೆ ಬಂತು. ಆಕಾಶದಲ್ಲಿ ಅವನಿಗೆ ಹಠಾತ್ತನೆ ಎದೆನೋವು ಬಂದರೆ ಹಿಂದೆ ಕುಳಿತವರ ಪ್ರಾಣದ ಗತಿಯೇನು ಎಂಬುದು ಕಾರಣ. ಮುಂದೆ ಪೈಲಟರಲ್ಲಿಯೇ ಎರಡು ಪಕ್ಷಗಳಾದವು. ನಮಗಿನ್ನೂ ಶಕ್ತಿಯಿದೆ, ಅನುಭವವಿದೆ ಎಂದರು ಹಿರಿಯರು. ನೀವು ಇಳಿಯದಿದ್ದರೆ ನಾವು ಮೇಲೆ ಬರುವುದು ಯಾವಾಗ ಎಂದರು ಕಿರಿಯರು. ತಂದೆಯ ಹೆಸರು ಹೋದರೆ ಮಗನಿಗೆ ಹೆಸರು ಸಿಕ್ಕೀತು ಎಂದು ಕಾಯುವ ನಮ್ಮ ಮನೆಗಳಿಗೂ ಈ ಜಗಳ ಗೊತ್ತು.

ಕೊನೆಗೆ 2006ರ ನವೆಂಬರಿನಲ್ಲಿ ವಿಶ್ವಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಈ ವಯಸ್ಸನ್ನು 65ಕ್ಕೆ ಏರಿಸಿತು. 60 ದಾಟಿದವನ ಪಕ್ಕದಲ್ಲಿ 60ರ ಒಳಗಿನವನು ಕೂತಿರಬೇಕೆಂದು ಮೊದಲು ಕಟ್ಟು ಹಾಕಿತ್ತು. 2014ರಲ್ಲಿ ಅದನ್ನೂ ತೆಗೆಯಿತು. ಅಮೆರಿಕ 2007ರ ಡಿಸೆಂಬರಿನಲ್ಲಿ 65ನ್ನು ಒಪ್ಪಿತು. 60 ದಾಟಿದ ಪೈಲಟನನ್ನು ಆರು ತಿಂಗಳಿಗೊಮ್ಮೆ ವೈದ್ಯರು ಪರೀಕ್ಷೆ ಮಾಡಬೇಕು.

ಇದರಿಂದ ನಾವು ಕಲಿಯುವ ಪಾಠ ಎರಡು. ನಿವೃತ್ತಿಯ ವಯಸ್ಸು ಆಕಾಶದಿಂದ ಬಿದ್ದದ್ದಲ್ಲ. ಮನುಷ್ಯರು ಕೂತು ವಾದಿಸಿ ಬರೆದದ್ದು, ಮನುಷ್ಯರೇ ತಿದ್ದಿದ್ದು. ನಮ್ಮ ತಮಿಳುನಾಡು ಸರ್ಕಾರವೂ ತನ್ನ ನೌಕರರ ವಯಸ್ಸನ್ನು 58ರಿಂದ 2020ರಲ್ಲಿ 59ಕ್ಕೆ, 2021ರಲ್ಲಿ 60ಕ್ಕೆ ಏರಿಸಿತು. ಎರಡನೆಯ ಪಾಠ: ಕಾನೂನು ಎಳೆದ ಗೆರೆಯವರೆಗೂ ದುಡಿಯಲೇಬೇಕೆಂದು ಯಾರೂ ಹೇಳಿಲ್ಲ. ಚೆಸ್ಲಿ ಸಲ್ಲೆನ್‌ಬರ್ಗರ್ ಎಂಬ ಪೈಲಟ್ 2009ರ ಜನವರಿ 15ರಂದು, ಹಕ್ಕಿಗಳು ಬಡಿದು ಎರಡೂ ಎಂಜಿನ್ ಕೆಟ್ಟ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದರು. ಆಗ ಅವರಿಗೆ 57 ವರ್ಷ. ಇನ್ನೂ ಎಂಟು ವರ್ಷ ದುಡಿಯಲು ಕಾನೂನು ಬಿಡುತ್ತಿತ್ತು. ಅವರು 2010ರ ಮಾರ್ಚಿಯಲ್ಲಿ, 59ರಲ್ಲಿಯೇ ತಾವಾಗಿ ಕೆಲಸ ಬಿಟ್ಟರು.

ಹಾಗೆ ತಾನಾಗಿ ನಿಲ್ಲುವ ಸ್ವಾತಂತ್ರ್ಯ ನಮಗುಂಟೇ? ಈ ಸಂಜೆಯ ಮುಖ್ಯ ಮಾತು ಇದೇ.

ತೋಟದ ಕೆಲಸದಲ್ಲಿ ಕಾನೂನಿಗಿಂತ ಮುಂಚೆ ದೇಹ ಮಾತಾಡುತ್ತದೆ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಬಿಡಿಸಲು ಏಣಿ ಹತ್ತುವವನಿಗೆ ಐವತ್ತರಲ್ಲಿಯೇ ಕಾಲು ನಡುಗುತ್ತದೆ. ಇಳಿಜಾರಿನಲ್ಲಿ ಕಾಫಿ ಹಣ್ಣಿನ ಮೂಟೆ ಹೊತ್ತ ತಾಯಿಗೆ ಸೊಂಟ ಬಗ್ಗುತ್ತದೆ. ಔಷಧಿ ಹೊಡೆಯುವವನಿಗೆ ಉಸಿರು ಕಟ್ಟುತ್ತದೆ. ಪೈಲಟನ ಹಿಂದೆ ನೂರೈವತ್ತು ಜನರ ಪ್ರಾಣವಿದೆ, ಆದ್ದರಿಂದ ಲೋಕ ಅವನ ಎದೆಯನ್ನು ಪರೀಕ್ಷೆ ಮಾಡುತ್ತದೆ. ಏಣಿಯ ಮೇಲಿರುವವನದು ಒಂದೇ ಪ್ರಾಣ. ಅವನ ಮೊಣಕಾಲನ್ನು ಆರು ತಿಂಗಳಿಗೊಮ್ಮೆ ನೋಡುವವರಾರು?

ಆದರೂ ನಮ್ಮವರು ನಿಲ್ಲುವುದಿಲ್ಲ. ಏಕೆ? ಕೂಲಿಯ ಆಸೆ ಮಾತ್ರವಲ್ಲ. ಮನೆ! 1951ರ ತೋಟ ಕಾರ್ಮಿಕರ ಕಾಯಿದೆ ದುಡಿಯುವವನಿಗೆ ಮನೆ ಕೊಡಬೇಕೆಂದು ಹೇಳಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಮನೆ ಮಾತ್ರ ಹಿಂದಿನಂತೆಯೇ ಕೆಲಸಕ್ಕೆ ಕಟ್ಟಿಕೊಂಡಿದೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಸಲ್ಲೆನ್‌ಬರ್ಗರ್ ಅವರಿಗೂ ಸಂಬಳ ಕಡಿತವಾಗಿತ್ತು, ಪಿಂಚಣಿಯೂ ಕೈತಪ್ಪಿತ್ತು. ಆದರೆ ಕೆಲಸ ಬಿಟ್ಟ ದಿನ ಅವರನ್ನು ಕಂಪೆನಿ ಮನೆಯಿಂದ ಎಬ್ಬಿಸಲಿಲ್ಲ. ನಮ್ಮಲ್ಲಿ ನಿವೃತ್ತಿಯ ದಿನ ಎಂದರೆ ಪಾತ್ರೆ ಪಗಡೆ ಹೊರಗಿಡುವ ದಿನ. ಆ ಭಯದಿಂದಲೇ ಕೆಲವರು ವಯಸ್ಸು ಮುಚ್ಚಿಡುತ್ತಾರೆ. ಕೆಲವರು ಹತ್ತನೇ ತರಗತಿಯಲ್ಲಿರುವ ಮಗಳನ್ನು ಓದು ಬಿಡಿಸಿ ಹಾಜರಿಗೆ ಹಚ್ಚುತ್ತಾರೆ. ಮುದುಕರ ಮನೆ ಉಳಿಯಲು ಮಗುವಿನ ಬಾಳು ತೆರಬೇಕಾದ ಲೆಕ್ಕ ಯಾವ ನ್ಯಾಯ?

ಆದಕಾರಣ ನಾವು ಹೇಳುವುದೇನೆಂದರೆ, ನಿಲ್ಲುವ ದಿನವನ್ನು ಹಾಜರಿ ಪುಸ್ತಕಕ್ಕೆ ಬಿಟ್ಟುಕೊಡಬಾರದು. ಐವತ್ತು ತುಂಬಿದ ವರ್ಷವೇ ಗಂಡ ಹೆಂಡತಿ ಮಕ್ಕಳು ಕೂತು ಮಾತಾಡಬೇಕು. ಆಗ ನಾಲ್ಕು ವಿಷಯ ಮುಂದಿರಲಿ.

ಮೊದಲನೆಯದು ವಯಸ್ಸಿನ ದಾಖಲೆ. ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು, ಶಾಲೆಯಲ್ಲಿ ಒಂದು, ತೋಟದ ಆಫೀಸಿನಲ್ಲಿ ಇನ್ನೊಂದು ವರ್ಷ ಬರೆದಿದ್ದರೆ ಕಷ್ಟ. ಆಧಾರ್ ಸಾಕೆಂದು ಕೂರಬೇಡಿ. ಜನ್ಮದಿನಾಂಕಕ್ಕೆ ಅದು ಪುರಾವೆಯಾಗದೆಂದು ಪಿ.ಎಫ್. ಸಂಸ್ಥೆ 2024ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಕೆಲಸದ ಕೊನೆಗಾಲದಲ್ಲಿ ವಯಸ್ಸು ತಿದ್ದಿಸುವುದು ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹಲವು ತೀರ್ಪುಗಳಲ್ಲಿ ಹೇಳಿದೆ. ತಿದ್ದಿಸುವುದಿದ್ದರೆ ಈಗಲೇ ಆಗಲಿ.

ಎರಡನೆಯದು ಪಿಂಚಣಿ. 1995ರ ಯೋಜನೆಯಂತೆ ಹತ್ತು ವರ್ಷ ಹಣ ಕಟ್ಟಿದವರಿಗೆ 58ರಿಂದ ಪಿಂಚಣಿಯುಂಟು. ಕೊನೆಯ ಐದು ವರ್ಷಗಳ ಸರಾಸರಿ ತಿಂಗಳ ಕೂಲಿಯನ್ನು ದುಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಕೂಲಿ 10,000, ಸೇವೆ 14 ವರ್ಷ ಎಂದಿಟ್ಟುಕೊಂಡರೆ ತಿಂಗಳಿಗೆ 2,000 ರೂಪಾಯಿ. ಕೆಲಸ ಬಿಟ್ಟವರು 50ರ ಮೇಲೆ ಮುಂಚಿತವಾಗಿಯೂ ಪಡೆಯಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಕಡಿತ, ಅದೂ ಜೀವಮಾನವಿಡೀ. ಒಂದು ತೋಟದಿಂದ ಇನ್ನೊಂದಕ್ಕೆ ಹೋದವರು ಹಳೆಯ ಪಿ.ಎಫ್. ನಂಬರನ್ನೇ ಮುಂದುವರಿಸಬೇಕು. ಹಣ ಬಿಡಿಸಿಕೊಂಡು ಹೊಸ ನಂಬರು ಮಾಡಿಸಿಕೊಂಡರೆ ಹತ್ತು ವರ್ಷ ಕೂಡುವುದೇ ಇಲ್ಲ.

ಮೂರನೆಯದು ಗ್ರಾಚುಯಿಟಿ. 1972ರ ಕಾಯಿದೆ ತಂದ ಈ ಹಕ್ಕು ಈಗ ಹೊಸ ಸಾಮಾಜಿಕ ಭದ್ರತೆಯ ಸಂಹಿತೆಯೊಳಗಿದೆ. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಕೂಲಿ. ದಿನಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 6,000. ಮೂವತ್ತು ವರ್ಷಕ್ಕೆ 1,80,000. ಇದು ಮಾಲೀಕರ ದಯೆಯಲ್ಲ, ಹಕ್ಕು. ಮೂವತ್ತು ದಿನದೊಳಗೆ ಕೊಡಬೇಕು. ವಾರಸುದಾರರ ಹೆಸರು ಬರೆಸಿಡಿ. ಈ ಹಣ ಮದುವೆಯ ಊಟಕ್ಕೆ ಹೋಗದೆ ಎರಡು ಸೆಂಟ್ ಜಾಗಕ್ಕೆ, ತಲೆಯ ಮೇಲೊಂದು ಸೂರಿಗೆ ಹೋಗಲಿ.

ನಾಲ್ಕನೆಯದು ಹಗುರ ಕೆಲಸ. ಇದನ್ನು ಒಬ್ಬೊಬ್ಬರು ಕೇಳಿದರೆ ಭಿಕ್ಷೆಯಾಗುತ್ತದೆ, ಸಂಘ ಕೇಳಿದರೆ ಒಪ್ಪಂದವಾಗುತ್ತದೆ. ಅರಣ್ಯಕಾಂಡದ ಎಂಟನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಲೇವಿಯರು ಐವತ್ತನೆಯ ವರ್ಷದಲ್ಲಿ ಗುಡಾರದ ದುಡಿಮೆಯಿಂದ ಬಿಡುಗಡೆ ಹೊಂದುತ್ತಿದ್ದರು. ಆದರೂ ಅವರನ್ನು ಪಾಳೆಯದಿಂದ ಹೊರಗೆ ಹಾಕಲಿಲ್ಲ. ಸಹೋದರರ ಜೊತೆಯಲ್ಲಿದ್ದು ಕಾವಲಿನಲ್ಲಿ ನೆರವಾಗುವ ಸ್ಥಾನ ಅವರಿಗಿತ್ತು. ನಮ್ಮಲ್ಲಿಯೂ ನರ್ಸರಿಯಲ್ಲಿ ಸಸಿ ನೋಡುವುದು, ಕಣದಲ್ಲಿ ಕಾಫಿ ಒಣಗಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಇಲ್ಲವೇ? ಐವತ್ತೈದು ದಾಟಿದವರಿಗೆ ಕೂಲಿ ಕಡಿಮೆಯಾಗದಂತೆ ಈ ಕೆಲಸ ಮೊದಲು ಸಿಗಬೇಕು.

ಅದು ಮೇಸ್ತ್ರಿಯ ಮರ್ಜಿಯಿಂದ ಸಿಗುವಂತಾಗಬಾರದು. ಏರ್ ಇಂಡಿಯಾದ ಗಗನಸಖಿಯರಿಗೆ ಒಮ್ಮೆ 35ಕ್ಕೇ ನಿವೃತ್ತಿಯಿತ್ತು. ಮೊದಲ ಬಾರಿ ಗರ್ಭಿಣಿಯಾದರೂ ಕೆಲಸ ಹೋಗುತ್ತಿತ್ತು. 35ರ ಮೇಲೆ ಯಾರನ್ನು ಮುಂದುವರಿಸಬೇಕೆಂಬುದು ಮೇಲಧಿಕಾರಿಯ ಇಷ್ಟ. ಅವರು ಕೂಡಿ ನ್ಯಾಯಾಲಯಕ್ಕೆ ಹೋದರು. 1981ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗರ್ಭಿಣಿಯರ ನಿಯಮವನ್ನೂ ಮೇಲಧಿಕಾರಿಯ ಆ ಇಷ್ಟವನ್ನೂ ರದ್ದು ಮಾಡಿತು. ತೋಟದಲ್ಲಿ ಹಣ್ಣು ಕುಯ್ಯುವ ಕೈಗಳಲ್ಲಿ ಹೆಂಗಸರ ಕೈಗಳೇ ಹೆಚ್ಚು. ಅಕ್ಕಂದಿರೇ, ಈ ಮಾತು ನಿಮಗೆ.

ಯುವಕರಿಗೆ ಒಂದು ಮಾತು. ಕೆಲಸ ಬಿಟ್ಟ ತಂದೆಯನ್ನು ದಂಡಪಿಂಡ ಎನ್ನಬೇಡಿರಿ. ನೀವು ಕೂತು ಓದಿದ್ದು ಅವರು ನಿಂತು ದುಡಿದದ್ದರಿಂದ. ಹಿರಿಯರಿಗೂ ಒಂದು ಮಾತು. ನಿಲ್ಲುವುದು ಸೋಲಲ್ಲ. ಏಣಿಯಿಂದ ಬೀಳುವ ಮುಂಚೆ ಇಳಿಯುವವನೇ ಬುದ್ಧಿವಂತ.

ಬರುವ ಭಾನುವಾರ ಆರಾಧನೆಯ ನಂತರ, ಐವತ್ತು ದಾಟಿದ ಪ್ರತಿಯೊಬ್ಬರೂ ತಮ್ಮ ಪಿ.ಎಫ್. ಚೀಟಿ, ವಯಸ್ಸಿನ ಕಾಗದ ತನ್ನಿರಿ. ಓದು ಬಲ್ಲ ಮಕ್ಕಳು ಜೊತೆಗಿರಲಿ. ಒಬ್ಬೊಬ್ಬರದಾಗಿ ನೋಡೋಣ. ತಪ್ಪಿದ್ದರೆ ಬರೆದಿಟ್ಟು ಸಂಘದ ಮೂಲಕ ಆಫೀಸಿಗೆ ಒಟ್ಟಾಗಿ ಹೋಗೋಣ.