ಕವಿತೆಯ ಒರತೆ

(ಕುಂಚಾವರಂನ ಶಿವಾನುಭವ ಗೋಷ್ಠಿಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಎದುರು ಮಾಡಿದ ಉಪನ್ಯಾಸದ ಬರಹರೂಪ)

‘ವಿದ್ಯಾರ್ಥಿಗಳು ಮತ್ತು ಕಾವ್ಯ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಕೆರೆ, ಕಾಲುವೆ, ಸೇತುವೆ ಎಂದು ಸರ್ಕಾರಿ ನೌಕರಿಯಲ್ಲೇ ವಯಸ್ಸು ಕಳೆದ ಎಂಜಿನಿಯರನಿಗೆ ಕಾವ್ಯದ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆದ ನುಲಿಯ ಚಂದಯ್ಯನವರು, ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯನವರು, ಬಟ್ಟೆ ಮಡಿ ಮಾಡಿದ ಮಾಚಯ್ಯನವರು ವಚನ ಬರೆದ ನಾಡಿದು. ಇಂಥ ಪರಂಪರೆಯಲ್ಲಿ ‘ನಿನಗೇಕೆ ಕಾವ್ಯ’ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಆ ಧೈರ್ಯದ ಮೇಲೆ ನಿಂತಿದ್ದೇನೆ.

ಈಚೆಗೆ ಈ ಭಾಗದ ತಾಂಡಾವೊಂದರಿಂದ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತನ್ನ ನೋಟುಬುಕ್ಕು ತಂದು ತೋರಿಸಿದಳು. “ಸರ್, ಪರೀಕ್ಷಾದಾಗ ಉತ್ತರ ಬರಿಲಾಕ ಬರ್ತದರಿ. ಕವಿತಾ ಬರಿಲಾಕ ಕುಂತ್ರ ಏನೂ ಹೊಳಿಯಂಗಿಲ್ರಿ. ದೊಡ್ಡ ಕವಿಗಳಿಗಿ ಎಲ್ಲಿಂದ ಹೊಳಿತದರಿ?” ಎಂದು ಕೇಳಿದಳು. ನೋಟುಬುಕ್ಕು ತಿರುವಿದೆ. ಮೊದಲ ಪುಟಗಳಲ್ಲಿ ಮಲ್ಲಿಗೆ, ಕೋಗಿಲೆ, ಹುಣ್ಣಿಮೆ ಚಂದ್ರ, ಮುತ್ತಿನ ಹನಿ ಇದ್ದವು. ಅಕ್ಷರ ಚೆಂದ, ಪ್ರಾಸವೂ ಚೆಂದ. ಆದರೆ ಯಾವ ಊರಿನ ಯಾರು ಬೇಕಾದರೂ ಬರೆದಿರಬಹುದಾದ ಸಾಲುಗಳು ಅವು.

ಕಡೆಯ ಪುಟದಲ್ಲಿ ಬೇರೆಯದೇ ಬರಹವಿತ್ತು. ಹಬ್ಬ ಮುಗಿದ ಮೇಲೆ ದುಡಿಯಲು ಹೈದರಾಬಾದಿಗೆ ಹೋದ ಮನೆಗಳ ಪಟ್ಟಿ. ಯಾವ ಮನೆಗೆ ಬೀಗ ಬಿದ್ದಿದೆ, ಬೀಗದ ಕೈ ಯಾರ ಹತ್ತಿರ ಇದೆ, ಯಾವ ಮನೆಯಲ್ಲಿ ಅಜ್ಜಿ ಒಬ್ಬಳೇ ಉಳಿದಿದ್ದಾಳೆ ಎಂದೆಲ್ಲ ಬರೆದಿದ್ದಳು. ಕೆಳಗೆ ಒಂದು ಮಾತು: ಬೀಗ ಹಾಕಿದ ಒಂದು ಮನೆಯ ಬಾಗಿಲಿಗೆ ಆಡಿನ ಮರಿ ದಿನಾಲೂ ಬಂದು ನಿಲ್ಲುತ್ತದೆ. “ಇದು ಏನವ್ವಾ?” ಎಂದೆ. “ಅದು ಕವಿತಾ ಅಲ್ರಿ ಸರ್, ಸುಮ್ನ ಬರ್ದಿಟ್ಟೀನ್ರಿ” ಎಂದಳು.

ಅವಳ ಒಪ್ಪಿಗೆ ಪಡೆದೇ ಇದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಅವಳ ಕಡೆಯ ಪುಟದಲ್ಲೇ ಇತ್ತು. ಅದು ಕವಿತೆ ಅಲ್ಲ ಎಂದು ಅವಳಿಗೆ ಕಲಿಸಿದವರು ಯಾರು? ನಾವೇ, ದೊಡ್ಡವರೇ. ಅದಕ್ಕೇ ಈ ಮಾತು ಅವಳಿಗೆಷ್ಟೋ ನಮಗೂ ಅಷ್ಟೇ ಸಲ್ಲುತ್ತದೆ.

ನನಗೆ ತಿಳಿದ ನೀರಿನ ಮಾತಿನಿಂದಲೇ ಹೇಳುತ್ತೇನೆ. ಹಳೆಯ ಬಾವಿ ಬತ್ತಿತೆಂದು ಜನ ಕೈಬಿಡುತ್ತಾರೆ. ಎಷ್ಟೋ ಸಲ ಅಲ್ಲಿ ನೀರು ಬತ್ತಿರುವುದಿಲ್ಲ, ಒರತೆಯ ಬಾಯಿಗೆ ಹೂಳು ಕೂತಿರುತ್ತದೆ. ಹೂಳು ತೆಗೆದು, ಇದ್ದಷ್ಟು ನೀರನ್ನು ಸೇದುತ್ತಾ ಹೋದರೆ ಒರತೆ ಮತ್ತೆ ತೆರೆಯುತ್ತದೆ. ಸೇದದೇ ದಂಡೆಯ ಮೇಲೆ ಕೂತು ಕಾಯುವವನಿಗೆ ಬಾವಿ ಏನನ್ನೂ ಕೊಡುವುದಿಲ್ಲ. ಸ್ಫೂರ್ತಿ ಎನ್ನುವುದೂ ಹೀಗೆಯೇ. ಬೇರೆಯವರಿಂದ ಎರವಲು ತಂದ ಮಲ್ಲಿಗೆ, ಚಂದ್ರ, ಕೋಗಿಲೆಗಳೇ ಹೂಳು. ಅದರ ಕೆಳಗೆ ನಮ್ಮ ಬದುಕಿನ ಒರತೆ ಇದೆ. ಹಾಗೆಂದು ಓದುವುದು ಬೇಡವೆಂದಲ್ಲ. ಜಿನುಗು ಕೆರೆಯನ್ನು ನೋಡಿದ್ದೀರಿ. ಅದರಿಂದ ಕಾಲುವೆ ಹೊರಡುವುದಿಲ್ಲ, ಆದರೆ ಅದರ ನೀರು ನೆಲದೊಳಗೆ ಇಳಿದು ಕೆಳಗಿನ ಹೊಲಗಳ ಬಾವಿಗಳನ್ನು ತುಂಬಿಸುತ್ತದೆ. ಓದಿದ್ದು ಹಾಗೆ ಒಳಗೆ ಇಳಿಯಬೇಕು, ನಮ್ಮ ಬಾವಿಯ ನೀರಾಗಿ ಬರಬೇಕು.

ಶರಣರು ಮಾಡಿದ್ದು ಇದನ್ನೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರು, ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಸುರಿದು ಬನ್ನಿ ಎಂದರು ಎಂಬ ಪ್ರಸಂಗ ನಿಮಗೆಲ್ಲ ಗೊತ್ತು. ಆ ತಾಯಿಯ ವಚನಗಳ ಬೇರು ಇರುವುದು ಆ ಮನೆಯಲ್ಲಿ, ಆ ಅಕ್ಕಿಯಲ್ಲಿ, ಗಂಡನಿಗೆ ಹೇಳಿದ ಆ ನೇರ ಮಾತಿನಲ್ಲಿ. ಸೂಳೆ ಸಂಕವ್ವೆಯವರ ವಚನ ನಮಗೆ ದೊರೆತಿರುವುದು ಒಂದೇ ಒಂದು. ಲೋಕ ಹಳಿಯುವ ತಮ್ಮ ವೃತ್ತಿಯ ಮಾತನ್ನೇ ಹಿಡಿದು ಅವರು ನಿಷ್ಠೆಯ ಬಗ್ಗೆ ಹೇಳಿದರು. ಎಂಟು ಶತಮಾನ ಕಳೆದರೂ ಆ ಒಂದು ವಚನ ಉಳಿದಿದೆ. ಮಕ್ಕಳೇ, ನೂರು ಕವಿತೆ ಬರೆಯಬೇಕೆಂಬ ಆತುರ ಬೇಡ. ನಿಮ್ಮದೇ ಆದ ಒಂದು ಸಾಕು.

ಇನ್ನು ಭಾಷೆಯ ಮಾತು. ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಸಂಕಲನವನ್ನೂ ಪ್ರಕಟಿಸಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಆ ವಿದೇಶಿ ಕವಿ ಹೇಳಿದರು. ಮುಂದೆ ಆದದ್ದು ನಿಮಗೆ ಗೊತ್ತೇ ಇದೆ.

ಆದರೆ ಕುಂಚಾವರಂನ ಮಗುವಿಗೆ ‘ನಿಮ್ಮ ಭಾಷೆ’ ಯಾವುದು? ಇದು ಗಡಿಯ ನೆಲ. ಒಂದು ಮನೆಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ‘ನನ್ನ ಕನ್ನಡ ಶುದ್ಧ ಇಲ್ಲ’ ಎಂದು ನಮ್ಮ ಮಕ್ಕಳು ಬಾಯಿ ಮುಚ್ಚಿಕೊಂಡು ಕೂಡುತ್ತಾರೆ. ಅವರಿಗೆ ಒಂದು ಮಾತು ನೆನಪಿಸುತ್ತೇನೆ. ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ. ಕಾಗಿಣಾ ದಂಡೆಯ ಆ ರಾಜಧಾನಿಯಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಓದದವರೂ ಕಾವ್ಯದಲ್ಲಿ ಪಳಗಿದವರೆಂದು ಕನ್ನಡದ ಜನರನ್ನು ಹೊಗಳಿದ ಗ್ರಂಥ ಅದು. ಕನ್ನಡ ಒಂದೇ ಬಗೆಯದಲ್ಲ, ಹಲವು ಕನ್ನಡಗಳಿವೆ ಎಂದೂ ಅದು ಗುರುತಿಸಿತು. ಅಲ್ಲಿಂದ ಈಚೆಗೆ ಬಂದರೆ ಕಡಕೋಳದ ಮಡಿವಾಳಪ್ಪನವರು ನಮ್ಮ ಆಡುಮಾತಿನಲ್ಲೇ ತತ್ವಪದ ಹಾಡಿದರು. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ಯಾವ ಮನೆಮಾತಿನವರು ಎಂದು ಈ ನೆಲದ ಹಾಡು ಯಾರನ್ನೂ ಹೊರಗಿಟ್ಟಿಲ್ಲ. ಆದ್ದರಿಂದ ನಿನ್ನ ಅವ್ವನ ಲಂಬಾಣಿ ಮಾತು ಕನ್ನಡದ ಸಾಲಿನಲ್ಲಿ ಬಂದರೆ ಬರಲಿ. ತೆಲುಗಿನ ಪದ ಬಂದರೆ ಬರಲಿ. ಅದರಿಂದ ಕನ್ನಡ ಬೆಳೆಯುತ್ತದೆ.

ಅಭ್ಯಾಸಕ್ಕೆ ಮೂರು ಮಾತು ಹೇಳುತ್ತೇನೆ. ಮೂರೂ ನನ್ನ ಕೆಲಸ ಕಲಿಸಿದವು.

ಮೊದಲನೆಯದು, ನೆಲದ ಲೆವೆಲ್ ತೆಗೆಯುವಾಗ ರೀಡಿಂಗನ್ನು ನಿಂತಲ್ಲೇ ಫೀಲ್ಡ್ ಬುಕ್ಕಿನಲ್ಲಿ ಬರೆಯಬೇಕು. ಮನೆಗೆ ಹೋಗಿ ನೆನಪಿನಿಂದ ಬರೆದದ್ದಕ್ಕೆ ಬೆಲೆಯಿಲ್ಲ. ನೀವೂ ಚಿಕ್ಕ ವಹಿ ಇಟ್ಟುಕೊಳ್ಳಿ. ತೊಗರಿ ರಾಶಿಯಲ್ಲಿ, ಬಸ್ಸಿನಲ್ಲಿ, ನೀರಿನ ಸಾಲಿನಲ್ಲಿ ಕಂಡದ್ದು, ಕೇಳಿದ್ದು ಅಲ್ಲೇ ಬರೆಯಿರಿ. ಕವಿತೆ ಆಮೇಲೆ ಆಗುತ್ತದೆ.

ಎರಡನೆಯದು, ಇಲಾಖೆಯ ಅಳತೆ ಪುಸ್ತಕದಲ್ಲಿ ತಪ್ಪಾದ ಅಂಕಿಯನ್ನು ಕೆರೆದು ಅಳಿಸುವಂತಿಲ್ಲ. ಅದರ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಕವಿತೆಯನ್ನೂ ಹೀಗೆಯೇ ತಿದ್ದಿ. ಹಾಳೆ ಹರಿದು ಎಸೆಯಬೇಡಿ. ಇಂದು ಹೊಡೆದು ಹಾಕಿದ ಸಾಲಿನಲ್ಲೇ ನಾಳೆ ನಿಜವಾದ ಮಾತು ಸಿಕ್ಕೀತು.

ಮೂರನೆಯದು, ಲೆವೆಲ್ ತೆಗೆಯುತ್ತಾ ಎಷ್ಟು ದೂರ ಹೋದರೂ ಹೊರಟ ಬೆಂಚ್ ಮಾರ್ಕಿಗೆ ಮರಳಿ ಬಂದು ಲೆಕ್ಕ ಕೂಡುತ್ತದೆಯೇ ಎಂದು ನೋಡಬೇಕು. ಅಜ್ಜಿಯ ಬಗ್ಗೆ ಬರೆದರೆ ಅಜ್ಜಿಗೇ ಓದಿ ಹೇಳಿ. ಅವಳು “ಹೌದಪಾ, ಹಿಂಗೇ ಅದ” ಅಂದರೆ ನಿಮ್ಮ ಲೆಕ್ಕ ಕೂಡಿತು. ಬೇರೆ ಬಹುಮಾನ ಬೇಕಿಲ್ಲ.

ಇಲ್ಲಿಯೇ ಅಂಕಿತದ ಮಾತು ಬರುತ್ತದೆ. ಕೆಲವು ಮಕ್ಕಳು ತಾವು ಬರೆದದ್ದರ ಕೊನೆಗೆ ‘ಕೂಡಲಸಂಗಮದೇವ’ ಎಂದೋ ‘ಗುಹೇಶ್ವರ’ ಎಂದೋ ಬರೆಯುತ್ತಾರೆ. ಭಕ್ತಿಯಿಂದಲೇ ಬರೆಯುತ್ತಾರೆ. ಆದರೆ ಅಂಕಿತ ಅಲಂಕಾರವಲ್ಲ, ಅದು ಸಾಕ್ಷಿ. ನನ್ನ ಮಾತಿಗೆ ನಾನು ನಂಬಿದವನೇ ಸಾಕ್ಷಿ ಎಂದು ಶರಣರು ಕೊಟ್ಟ ಸಹಿ. ಬೇರೊಬ್ಬರು ಅಳತೆ ಮಾಡಿದ ಕಾಮಗಾರಿಗೆ ನಾನು ಸಹಿ ಹಾಕಲು ಬರುವುದಿಲ್ಲ, ನನ್ನ ಕಾಮಗಾರಿಗೆ ಅವರ ಸಹಿ ಬಳಸಲೂ ಬರುವುದಿಲ್ಲ. ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು. ನೀವೂ ಬರೆದು ಮುಗಿಸಿದ ಮೇಲೆ ಒಮ್ಮೆ ಕೇಳಿಕೊಳ್ಳಿ: ಇದರ ಕೆಳಗೆ ನಾನು ಧೈರ್ಯವಾಗಿ ನನ್ನ ಹೆಸರು ಬರೆಯಬಲ್ಲೆನೇ? ನುಡಿದಂತೆ ನಡೆಯಬೇಕೆಂಬ ಶರಣರ ಮಾತು ಬರೆಯುವವರಿಗೆ ಮೊದಲು ಅನ್ವಯಿಸುತ್ತದೆ.

ಪಾಲಕರಿಗೂ ಎರಡು ಮಾತು. ಕವಿತೆ ಬರೆದರೆ ಅಂಕ ಕಡಿಮೆಯಾಗುತ್ತದೆ, ಅದು ಹೊಟ್ಟೆ ತುಂಬಿಸುತ್ತದೆಯೇ ಎಂದು ನೀವು ಅಂಜುತ್ತೀರಿ. ಕಷ್ಟದಲ್ಲಿ ಓದಿಸುವವರಿಗೆ ಆ ಅಂಜಿಕೆ ಸಹಜ. ಆದರೆ ಡಾ. ಸಿದ್ಧಲಿಂಗಯ್ಯನವರನ್ನು ನೆನೆಯಿರಿ. ಬಡ ದಲಿತ ಕುಟುಂಬದಿಂದ ಬಂದು, ಹಾಸ್ಟೆಲಿನಲ್ಲಿದ್ದು ಓದಿದವರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟವಾದಾಗ ಅವರಿಗೆ ಇಪ್ಪತ್ತರ ಆಸುಪಾಸು. ತಮ್ಮ ಜನರ ಹಸಿವು, ಅವಮಾನವೇ ಅವರ ಒರತೆ. ಆ ಹಾಡುಗಳನ್ನು ಜನ ಮೆರವಣಿಗೆಗಳಲ್ಲಿ ಹಾಡಿದರು. ಅವರ ಓದೂ ನಿಲ್ಲಲಿಲ್ಲ, ಮುಂದೆ ಪ್ರಾಧ್ಯಾಪಕರಾದರು.

ಬರೆದದ್ದು ಉಳಿಯಬೇಕಾದರೆ ಉಳಿಸುವ ಕೈ ಬೇಕು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅಂಥವರು ಆ ಗರಿಗಳನ್ನು ಜೋಪಾನ ಮಾಡದಿದ್ದರೆ ಇಂದು ನಾವು ಹಾಡುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವು? ನಮ್ಮ ಮಕ್ಕಳ ನೋಟುಬುಕ್ಕುಗಳು ಇಂದಿನ ತಾಳೆಗರಿಗಳು. ವರ್ಷ ಮುಗಿದ ಕೂಡಲೇ ಅವನ್ನು ರದ್ದಿಗೆ ಹಾಕಬೇಡಿ.

ನಮ್ಮ ಗೋಷ್ಠಿಗಳಲ್ಲಿ ಮಕ್ಕಳು ವಚನ ಕಂಠಪಾಠ ಹೇಳುತ್ತಾರೆ, ನಾವು ಬಹುಮಾನ ಕೊಡುತ್ತೇವೆ. ಅದು ಒಳ್ಳೆಯದು, ನಡೆಯಲಿ. ಅದರ ಜೊತೆಗೆ ತಿಂಗಳಿಗೊಮ್ಮೆ ಹದಿನೈದು ನಿಮಿಷ, ತಾವೇ ಬರೆದದ್ದನ್ನು ಓದಲು ಮಕ್ಕಳಿಗೆ ಬಿಡೋಣ. ತಾಂಡಾದವರು, ಕೇರಿಯವರು, ತೆಲುಗು ಮನೆಯವರು ಎಲ್ಲರೂ ಓದಲಿ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರು ಸರಿಸಮ ಕೂತು ಮಾತಾಡಿದರೆಂದು ಭಾಷಣ ಮಾಡುವ ನಾವು, ಹದಿನೈದು ನಿಮಿಷ ಮಕ್ಕಳ ಮಾತು ಕೇಳಲಾರೆವೇ? ಈ ತಿಂಗಳಿಂದಲೇ ಆರಂಭಿಸೋಣ ಎಂದು ಪೂಜ್ಯರಲ್ಲಿ, ಹಿರಿಯರಲ್ಲಿ ಬೇಡಿಕೊಳ್ಳುತ್ತೇನೆ. ಮೊದಲ ದಿನ ಮುಂದಿನ ಸಾಲಿನಲ್ಲಿ ಕೂತು ಕೇಳಲು ನಾನು ಬರುತ್ತೇನೆ.