ಕುಂಬಾರನ ಹೊಲ ನಮ್ಮದಾಗಿದ್ದು ಹೇಗೆ?

ಇವತ್ತಿನ ಕಂತು ನನ್ನ ಮನೆಯದೇ ಕಥೆ.

ಮದ್ದೂರಿನ ಹತ್ತಿರ ನಮ್ಮೂರಲ್ಲಿ ನಮಗೊಂದು ಹೊಲ ಇದೆ. ಹೆಸರು ಕುಂಬಾರನ ಹೊಲ. ನಾವು ಕುಂಬಾರರಲ್ಲ, ಊರಲ್ಲಿ ಕುಂಬಾರರ ಮನೆ ಒಂದೂ ಇಲ್ಲ. ಚಿಕ್ಕವನಿದ್ದಾಗ ಕೇಳಿದ್ರೆ ‘ಹಂಗೇ ಕರೀತಾರೆ ಕಣೋ’ ಅನ್ನೋರು.

ಹೋದ ಯುಗಾದಿಗೆ ಅಟ್ಟ ಗುಡಿಸುವಾಗ ತಗಡಿನ ಪೆಟ್ಟಿಗೆಯಲ್ಲಿ ಒಂದು ಕ್ರಯಪತ್ರ ಸಿಕ್ಕಿತು. ಇಸವಿ ಇಲ್ಲ, ‘ಧಾತು ಸಂವತ್ಸರ, ಮಾಘ’ ಅಂತಷ್ಟೇ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ: 1816, 1876, 1936. ಕೊಂಡವನು ನನ್ನ ತಾತನ ಅಪ್ಪನ ತಾತ. 1816ಕ್ಕೆ ಆತ ಹುಟ್ಟಿರಲಿಲ್ಲ, 1936ಕ್ಕೆ ಇರಲಿಲ್ಲ. ಹಾಗಾದ್ರೆ ಈ ಮಾಘ 1877ರ ಜನವರಿ–ಫೆಬ್ರವರಿ.

ಆ ಜನವರಿ 1ಕ್ಕೇ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಅಂತ ಸಾರಿದ್ದು. ಇಲ್ಲಿ ಮೈಸೂರು ಸೀಮೆಯಲ್ಲಿ ಮಳೆ ಕೈಕೊಟ್ಟಿತ್ತು. ನಮ್ಮಜ್ಜಿಯಂಥವರು ಧಾತು–ಈಶ್ವರ ಬರ ಅಂತಿದ್ರಲ್ಲ, ಅದು. 1871ರ ಜನಗಣತಿಯಲ್ಲಿ ಮೈಸೂರಲ್ಲಿ ಸುಮಾರು 50.5 ಲಕ್ಷ ಜನ. 1881ರಲ್ಲಿ 41.8 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, 8 ಲಕ್ಷಕ್ಕೂ ಮೀರಿ ಕಮ್ಮಿ ಆದ್ರು.

ಬಿಕಾಂ ಓದಿದವನು ನಾನು, ಕಣ್ಣು ಸೀದಾ ಬೆಲೆಗೆ ಹೋಯ್ತು. ಒಂದು ಖಂಡುಗ ರಾಗಿ, ಮೇಲೆ 4 ರೂಪಾಯಿ. ಎರಡು ಎಕರೆ ಹೊಲಕ್ಕೆ! ಮಾರಿದವನ ಹೆಸರಿನ ಹಿಂದೆ ‘ಕುಂಬಾರ’ ಅಂತಿದೆ. ಸಹಿ ಇಲ್ಲ, ಹೆಬ್ಬೆಟ್ಟು.

ನಮ್ಮ ಮನೇಲಿ ಈ ಮುತ್ತಜ್ಜ ಅಂದ್ರೆ ಬರದಲ್ಲಿ ಊರಿಗೆಲ್ಲ ಅಂಬಲಿ ಕಾಯಿಸಿ ಹಾಕಿದ ಧರ್ಮಾತ್ಮ. ಹಾಕಿರಬಹುದು, ನಾನು ಸುಳ್ಳು ಅಂತಿಲ್ಲ. ಆದ್ರೆ ಅದೇ ಕಣಜದ ರಾಗಿ ಅಳೆದು ಹೊಲ ಬರೆಸಿಕೊಂಡಿದ್ದೂ ಆತನೇ.

ತಾತನಿಗೆ ಪತ್ರ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರು ರೈಲು ದಾರಿಗೆ ಮಣ್ಣು ಹೊರೋಕೆ ಹೋದ್ರಂತೆ, ವಾಪಸ್ ಬರ್ಲಿಲ್ವಂತೆ’ ಅಂದ್ರು. ಬೆಂಗಳೂರು–ಮೈಸೂರು ರೈಲು ದಾರಿ ಬರ ಪರಿಹಾರದ ಕೆಲಸವಾಗಿ ಶುರುವಾಗಿದ್ದು, ಮೈಸೂರು ಮುಟ್ಟಿದ್ದು 1882ರಲ್ಲಿ. ಪ್ರತಿ ಶನಿವಾರ ನಾನು ಊರಿಗೆ ಹೋಗೋದು ಅದೇ ದಾರೀಲಿ, ಇಯರ್‌ಫೋನ್ ಹಾಕ್ಕೊಂಡು.

‘ಇದನ್ನೂ ನಿನ್ನ ಪಾಡ್‌ಕಾಸ್ಟಲ್ಲಿ ಹೇಳ್ತೀಯಾ?’ ಅಂದ್ರು ತಾತ. ಹೇಳ್ತೀನಿ ಅಂದೆ.

‘ಹಂಗಾದ್ರೆ ಅವನ ಹೆಸರೂ ಹೇಳು’ ಅಂದ್ರು. ಪತ್ರದಲ್ಲಿ ಆ ಜಾಗಕ್ಕೇ ಗೆದ್ದಲು ಹಿಡಿದಿದೆ.